ಸುಟ್ಟ ಕಾಯಿಲಿನ ಪೋಸ್ಟ್‌ಮಾರ್ಟಂ

ಗೀಸರ್ ಕಾರ್ಖಾನೆಯಲ್ಲಿ ಅವನ ಕೆಲಸವೆಂದರೆ, ಸುಟ್ಟು ವಾಪಸು ಬಂದ ಕಾಯಿಲುಗಳನ್ನು ಉದ್ದಕ್ಕೆ ಸೀಳಿ, ಭೂತಗನ್ನಡಿಯಡಿ ಇಟ್ಟು, ಯಾಕೆ ಸತ್ತವೆಂದು ಹೇಳುವುದು. ಜೊತೆಯವರು ‘ಕಾಯಿಲ್ ಡಾಕ್ಟ್ರು’ ಎನ್ನುತ್ತಿದ್ದರು. ಬದುಕಿರುವ ಒಬ್ಬ ರೋಗಿಯ ಮುಖವನ್ನೂ ಕಾಣದ ಡಾಕ್ಟರು ತಾನು ಎಂದು ಅವನೇ ನಗುತ್ತಿದ್ದ. ಆದರೂ ಆ ಹೆಸರು ಒಳಗೊಳಗೇ ಹಿತವಾಗಿತ್ತು. ನೆಂಟರ ಮನೆಗೆ ಹೋದರೂ ಮೊದಲು ಇಣುಕುತ್ತಿದ್ದುದು ಬಚ್ಚಲಿಗೆ.

ಅಂಥವನ ಮನೆಯ ಗೀಸರೇ ಕೈಕೊಟ್ಟಿತು. ಹೊಸ ಕಾಯಿಲ್ ಹಾಕಿದ. ಅದೂ ಬೇಗನೆ ಹೋಯಿತು. ನೀರು ಗಡಸು, ಉಪ್ಪು ಕಟ್ಟಿದೆ ಎಂದು, ಜೊತೆಯಲ್ಲೇ ಇದ್ದ ಹೆಂಡತಿಯ ತಾಯಿ, ಅತ್ತೆಯ ಮುಂದೆ ಉದ್ದದ ಪಾಠ ಬಿಗಿದ. ಅತ್ತೆ ಪೂರ್ತಿ ಕೇಳಿಸಿಕೊಂಡು, ಎದ್ದುಹೋಗಿ ಸ್ಟೌವಿನ ಮೇಲೆ ಸ್ನಾನದ ನೀರಿಟ್ಟರು. ಮತ್ತೊಂದು ಹಾಕಿದ, ಅದೂ ಸುಟ್ಟಿತು.

ಆ ಕಾಯಿಲನ್ನು ಬಟ್ಟೆಯಲ್ಲಿ ಸುತ್ತಿ, ಊಟದ ಚೀಲದಲ್ಲಿ ಮುಚ್ಚಿಟ್ಟುಕೊಂಡು ಲ್ಯಾಬಿಗೆ ಒಯ್ದ. ಕೆಳಭಾಗಕ್ಕೆ ಉಪ್ಪಿನ ತೆಳು ಪದರ, ಅಷ್ಟೇ. ಮೇಲಿನ ಬಾಗು ಮಾತ್ರ ಕರ್ರಗಾಗಿ, ತಾಮ್ರದ ಹೊದಿಕೆ ಬಾಯಿಬಿಟ್ಟು, ಒಳಗಿನ ತಂತಿ ಕರಗಿ ಮಣಿಯಾಗಿತ್ತು. ಗೀಸರು ಅರ್ಧ ಖಾಲಿಯಿದ್ದಾಗ ಉರಿದ ಕಾಯಿಲು. ಇಂಥವುಗಳ ವರದಿಯ ಕೊನೆಗೆ ‘ಬಳಸಿದವರ ಅಜಾಗರೂಕತೆ’ ಎಂದು ಬರೆದು ಬರೆದು ಅವನ ಕೈ ಪಳಗಿತ್ತು.

ಆದರೆ ಖಾಲಿಯಾದದ್ದು ಹೇಗೆ? ಯೋಚಿಸುತ್ತ ಕೂತವನ ಕಿವಿ ಬಿಸಿಯಾಯಿತು. ಬಿಸಿನೀರು ಸಣ್ಣಗೆ ಬರುತ್ತದೆಂದು ಹೆಂಡತಿ ಗೊಣಗಿದಾಗ, ಪ್ಲಂಬರ್ ಯಾಕೆ, ನಾನಿಲ್ಲವೇ ಎಂದು ಗೀಸರಿಗೆ ನೀರು ತರುವ ಪೈಪಿನ ವಾಲ್ವನ್ನು ಕಿತ್ತುಹಾಕಿದವನು ಅವನೇ. ಗೀಸರಿನ ನೀರು ಹಿಂದಕ್ಕೆ ಹರಿಯದಂತೆ ತಡೆಯಲೆಂದೇ ಅದಿದ್ದದ್ದು. ಮಹಡಿಯ ಟ್ಯಾಂಕು ಬರಿದಾದಾಗಲೆಲ್ಲ ಅದೇ ಪೈಪಿಗೆ ಸೇರಿದ ಅಡುಗೆಮನೆಯ ನಲ್ಲಿ ಗೀಸರಿನ ನೀರನ್ನೂ ಎಳೆದುಕೊಳ್ಳುತ್ತಿತ್ತು.

ಸಂಜೆ ಹೆಂಡತಿಗೆ ಎಲ್ಲವನ್ನೂ ಚಿತ್ರ ಬರೆದು ವಿವರಿಸಿದ. ತನ್ನ ಪೆದ್ದುತನಕ್ಕೂ ಚಿತ್ರ ಬೇಕಾಯಿತಲ್ಲ ಎಂದು ಅವನಿಗೇ ನಗು ಬಂತು. ಅವಳು ನಗಲಿಲ್ಲ.

“ನಿಮ್ಮ ರಿಪೋರ್ಟಲ್ಲಿ ಇದಕ್ಕೆ ಏನಂತ ಬರೀತೀರಿ?”

“ಬಳಸಿದವರ ಅಜಾಗರೂಕತೆ ಅಂತ.”

“ಬಳಸಿದ್ದು ನಾನೂ ಅಮ್ಮನೂ. ಕಿತ್ತಿದ್ದು ನೀವು.”

ಅದೆಷ್ಟು ಮನೆಗಳ ಹೆಂಗಸರ ತಲೆಗೆ ಆ ಸಾಲನ್ನು ಕಟ್ಟಿದ್ದೇನೋ ಎಂದು ಅವನ ಎದೆ ಚುರುಕ್ಕೆಂದಿತು.

ಮರುದಿನ ಪ್ಲಂಬರ್ ಬಂದು ಹೊಸ ವಾಲ್ವ್ ಹಾಕಿದ. ಕಾಯಿಲ್ ಡಾಕ್ಟ್ರು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದರು. ಆಮೇಲೆ ಆ ಮನೆಯಲ್ಲಿ ಕಾಯಿಲು ಸುಡಲಿಲ್ಲ. ಕಾರ್ಖಾನೆಯಲ್ಲಿ ಅವನು ವರದಿ ಬರೆಯುವ ಮೊದಲು ಗೀಸರಿನ ಮನೆಯವರಿಗೆ ಫೋನು ಮಾಡಿ, ಪೈಪು ಕೂರಿಸಿದ್ದು ಯಾರೆಂದು ವಿಚಾರಿಸತೊಡಗಿದ. ಎಷ್ಟೋ ಸಲ ಹೆಂಗಸಿನ ದನಿಯೊಂದು, “ನಮ್ಮನೆಯವ್ರೇ,” ಎನ್ನುತ್ತಿತ್ತು. ಆ ಗಂಡಸಿನ ಪರವಾಗಿ ಒಂದು ಮಾತಾಡೋಣವೆಂದು ಬಾಯಿ ತೆರೆದು, ಪ್ಲಂಬರನ್ನು ಕರೆಸಿ ಎಂದಷ್ಟೇ ಹೇಳಿ ಫೋನಿಡುತ್ತಿದ್ದ.