ಎಲ್ಲರ ಪಾಸ್‌ವರ್ಡ್ ಗೊತ್ತಿದ್ದ ಮಾಸ್ತರು

ಪರಿಶೀಲನೆಗೆ ತಂಡ ಬರುತ್ತದೆ, ಪ್ರೊಜೆಕ್ಟರ್ ತೆಗೆದಿಡಿ ಎಂದು ಪ್ರಾಂಶುಪಾಲರು ಹೇಳಿದ್ದಕ್ಕೆ ಮೊನ್ನೆ ಗ್ರಂಥಾಲಯದ ಒಳಕೋಣೆಯ ಕಪಾಟು ತೆರೆದೆ. ಬಿಸಿ ಬಲ್ಬು, ಬೂಷ್ಟು ಹಿಡಿದ ಕಾಗದ, ಸುಟ್ಟ ಧೂಳು, ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಶಿರಸಿಯ ಮಳೆಗಾಲದಲ್ಲಿ ಪ್ರೊಜೆಕ್ಟರಿನ ಗಾಜಿಗೂ ಬೂಷ್ಟು ಬರುತ್ತದೆ. ಹಾಗಾಗದಿರಲೆಂದು ಕಪಾಟಿನೊಳಗೆ ಸದಾ ಒಂದು ಬಲ್ಬು ಉರಿಯುವ ವ್ಯವಸ್ಥೆ ಮಾಡಿದವರು ನಮ್ಮ ಮಾಸ್ತರು. ಅವರು ಹೋದಮೇಲೆ ಬಲ್ಬು ಬದಲಿಸುವ ಕೆಲಸ ನನ್ನದಾಯಿತು...

ಮಾಸ್ತರು ಅಂದರೆ ಹುಡುಗರಿಗೆ ಪಾಠ ಹೇಳುವವರಲ್ಲ. ಪಾಠ ಹೇಳುವ ಸರ್‌ಗಳಿಗೆ, ಮೇಡಂಗಳಿಗೆ ಕಂಪ್ಯೂಟರಿನಲ್ಲಿ ಪಾಠವನ್ನು ಹೊಸ ಜಾಲತಾಣಕ್ಕೆ ಏರಿಸುವುದನ್ನು ಕಲಿಸಲೆಂದು ವಿಶ್ವವಿದ್ಯಾಲಯ ಗುತ್ತಿಗೆಯ ಮೇಲೆ ಕಳಿಸಿದ ಮನುಷ್ಯ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ಊರಿನ ಕಾಲೇಜುಗಳಿಗೆ ಇವರೊಬ್ಬರೇ. ಹೆಚ್ಚಿನ ದಿನ ಇಲ್ಲಿ, ಉಳಿದ ದಿನ ಬಸ್ಸಿನಲ್ಲಿ. ಸ್ಟಾಫ್ ರೂಮಿನಲ್ಲಿ ಜಾಗವಿಲ್ಲವೆಂದು ಗ್ರಂಥಪಾಲಕಿಯಾದ ನನ್ನ ಕೋಣೆಯ ಮೂಲೆಯಲ್ಲಿ ಅವರಿಗೊಂದು ಮೇಜು ಹಾಕಿದರು. ‘ಸಹಾಯ ಕೇಂದ್ರ’ ಎಂದು ಅವರೇ ಬರೆದು ಗೋಡೆಗೆ ಅಂಟಿಸಿಕೊಂಡರು. ದಾಸನಕೊಪ್ಪದ ಕಡೆಯವರು, ಮಾತಿಗೊಮ್ಮೆ ‘ರೀ’ ಹಚ್ಚುವವರು. ಸರ್ಕಾರಿ ನೌಕರಿಯ ವಯಸ್ಸು ಮೀರಿತ್ತು. ಅಲ್ಲಿ ಇಲ್ಲಿ ದುಡಿದು ಸಾಕಾಗಿ ಇದಕ್ಕೆ ಸೇರಿದ್ದರು. ಸರ್‌ಗಳೆಲ್ಲ ಆ ಜಾಲತಾಣ ಬಳಸಲು ಶುರುಮಾಡದಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲ ಎಂದು ಮೊದಲೇ ಹೇಳಿ ಕಳಿಸಿದ್ದರು.

ಸಹಾಯ ಕೇಳಿ ಯಾರೂ ಬರಲಿಲ್ಲ. ತರಬೇತಿಗೆ ಕರೆದರೆ ಎಲ್ಲರೂ ಹೂಂ ಅನ್ನುವರು. ನಮ್ಮ ಸರ್‌ಗಳಿಗೆ ಇಲ್ಲ ಅನ್ನಲು ಬರುವುದಿಲ್ಲ, ಹೂಂ ಅಂದು ಮಾಡದೇ ಇರುವುದು ಮಾತ್ರ ಬಲು ಚೆನ್ನಾಗಿ ಬರುತ್ತದೆ. ಮಾಸ್ತರು ಕುರ್ಚಿ ಸಾಲು ಮಾಡಿ, ಪ್ರೊಜೆಕ್ಟರ್ ಹಚ್ಚಿ, ಬಾಗಿಲ ಕಡೆ ನೋಡುತ್ತ ನಿಲ್ಲುತ್ತಿದ್ದರು. ಸಂಜೆ ಅವೇ ಕುರ್ಚಿಗಳನ್ನು ಮಡಚಿಡುವರು.

“ಇವತ್ತೂ ಯಾರೂ ಬರ್ಲಿಲ್ರಿ ಮೇಡಂ. ನಾ ಹೇಳೂದ್ರಾಗ ಏನರ ತಪ್ಪೈತೇನ್ರಿ?”

ಕಾಲೇಜಿನಲ್ಲಿ ಸಿಗದವರನ್ನು ಹುಡುಕಿ ಮನೆಗೇ ಹೋಗತೊಡಗಿದರು. ಸಸ್ಯಶಾಸ್ತ್ರದ ಹಿರಿಯ ಸರ್ ಒಬ್ಬರ ಮನೆ ವಾನಳ್ಳಿಯಲ್ಲಿ. ಭಾನುವಾರ ಲ್ಯಾಪ್‌ಟಾಪ್ ಹೊತ್ತು ಅಲ್ಲಿಗೆ ಹೋದರೆ ಹಾಳೆಯಂತೆ ತೆಳ್ಳಗಿನ ಸಿಹಿ ತೊಡದೇವು ಹಾಕಿದರು, ತುಪ್ಪ ಬಡಿಸಿದರು, ಮಲಗಲು ಚಾಪೆ ಕೊಟ್ಟರು, ಹೊರಡುವಾಗ ಬಾಳೆಗೊನೆಯನ್ನೂ ಕಟ್ಟಿಕೊಟ್ಟರು. ಲ್ಯಾಪ್‌ಟಾಪ್ ಚೀಲದಿಂದ ಹೊರಗೇ ಬರಲಿಲ್ಲ. ಕಲಿಸಲು ಹೋದವರು ಉಂಡು ಬಂದರು.

ಕೊನೆಗೆ ಆ ಸರ್ ಅವರೇ ದಾರಿ ತೋರಿಸಿದರು. “ಮಾರಾಯ, ನಂಗೆ ಅದೆಲ್ಲ ತಲೆಗೆ ಹೋಗೂದಿಲ್ಲ. ಪಾಸ್‌ವರ್ಡ್ ಹೇಳ್ತೆ, ನೀನೇ ಮಾಡಿಬಿಡು.” ಮಾಸ್ತರಿಗೆ ಆಗುವುದಿಲ್ಲ ಅನ್ನಲು ಬರಲಿಲ್ಲ. ಒಬ್ಬರದು ಮಾಡಿದಮೇಲೆ ಇನ್ನೊಬ್ಬರು ಬಿಡುತ್ತಾರೆಯೇ? ಒಬ್ಬರು ಮನೆದೇವರ ಹೆಸರು ಕೊಟ್ಟರು, ಒಬ್ಬರು ಹಸುವಿನ ಹೆಸರು ಕೊಟ್ಟರು. ಸಿದ್ದಾಪುರದವರೂ ಯಲ್ಲಾಪುರದವರೂ ಫೋನಿನಲ್ಲೇ ಹೇಳಿದರು. ಎಲ್ಲರ ಪಾಸ್‌ವರ್ಡೂ ಮಾಸ್ತರ ಬಾಯಲ್ಲೇ ಇದ್ದವು. ಎಲ್ಲರ ಟಿಪ್ಪಣಿ, ಹಾಜರಿ, ಪರೀಕ್ಷೆ, ಅಂಕ, ಅವರೊಬ್ಬರೇ ಕೂತು ಏರಿಸಿದರು. ಕಣ್ಣು ಕೆಂಪಾಗಿರುತ್ತಿತ್ತು.

“ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಮಾಸ್ತರೇ” ಎಂದು ನಾನು ಗದರಿದೆ. ಅವರು ನಕ್ಕರು. “ಹೆಂಗರ ಆಗ್ಲಿ, ಲೆಕ್ಕಕ್ಕ ಬಂತಲ್ರಿ. ಗುತ್ತಿಗಿ ಉಳಿದ್ರ ಆತು” ಅಂದರು.

ಆ ವರ್ಷದ ಕೊನೆಗೆ ವಿಶ್ವವಿದ್ಯಾಲಯದ ಪರಿಶೀಲನಾ ತಂಡ ಬಂತು. ಜಾಲತಾಣದ ಬಳಕೆಯಲ್ಲಿ ನಮ್ಮ ಮೂರು ಊರಿನವರೇ ಎಲ್ಲರಿಗಿಂತ ಮುಂದೆ ಎಂದರು. ಚಪ್ಪಾಳೆ. ಮಾಸ್ತರಿಗೆ ಶಾಲು ಹೊದಿಸಿದರು. ಆಮೇಲೆ ತಂಡದ ಹಿರಿಯರು ಸಂತೋಷದಿಂದಲೇ ಹೇಳಿದರು: ಇಲ್ಲಿ ಎಲ್ಲರೂ ಕಲಿತಾಗಿದೆ, ಇನ್ನು ಇಲ್ಲಿಗೆ ಸಹಾಯಕರ ಅಗತ್ಯವಿಲ್ಲ, ಈ ಹುದ್ದೆ ಹಿಂದುಳಿದ ಬೇರೆ ಕಾಲೇಜಿಗೆ ಹೋಗಲಿ.

ನನಗೆ ಕೂರಲಾಗಲಿಲ್ಲ. ಎದ್ದು ನಿಂತು, “ಸರ್, ಇವರಲ್ಲಿ ಯಾರಾದರೂ ಒಬ್ಬರು ಈಗಲೇ ತೆರೆದು ತೋರಿಸಲಿ” ಎಂದೆ. ಹಿರಿಯರು ನಗುತ್ತಲೇ ಸಸ್ಯಶಾಸ್ತ್ರದ ಸರ್ ಅವರನ್ನು ಕರೆದರು. ಸರ್ ಕಂಪ್ಯೂಟರಿನ ಮುಂದೆ ಕೂತರು. ಮೌಸ್ ಹಿಡಿದ ಕೈ ನಡುಗುತ್ತಿತ್ತು. ಪರದೆಯ ಮೇಲೆ ಬಾಣದ ಗುರುತು ಅತ್ತ ಇತ್ತ ಓಡಾಡಿತು, ಎಲ್ಲೂ ನಿಲ್ಲಲಿಲ್ಲ. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ಸಾಕಿತ್ತು, ಮಾಸ್ತರ ಕೆಲಸ ಉಳಿಯುತ್ತಿತ್ತು. ಬಿಡಿ, ಬಿಡಿ, ಸುಮ್ಮನಿರಿ ಮಾಸ್ತರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಮಾಸ್ತರು ಎದ್ದು ಸರ್ ಹತ್ತಿರ ಹೋದರು. ಶಾಲು ಹೆಗಲ ಮೇಲೇ ಇತ್ತು. ವೈರು ಸರಿಮಾಡುವವರಂತೆ ಮೇಜಿನ ಮೇಲೆ ಬಗ್ಗಿದರು, ಶಾಲಿನ ಮರೆಯಲ್ಲಿ ಬೆರಳಾಡಿಸಿದರು. “ಕೀಬೋರ್ಡಿನ ವೈರ್ ಸಡ್ಲಾಗಿತ್ರಿ ಸರ್. ಈಗ ನೋಡ್ರಿ.” ಪುಟ ತೆರೆದುಕೊಂಡಿತು. ಮತ್ತೆ ಚಪ್ಪಾಳೆ.

ಸಂಜೆ ಸಸ್ಯಶಾಸ್ತ್ರದ ಸರ್ ನನ್ನ ಕೋಣೆಗೆ ಬಂದು ತಮ್ಮ ಮನೆಮಾತಿಗೇ ಇಳಿದರು. “ಆನು ಎಂತ ಮಾಡ್ಲಿ ತಂಗೀ? ಅಷ್ಟು ಜನರೆದುರು ನಂಗೆ ಬತ್ತಿಲ್ಲೆ ಹೇಳಲೆ ಆಗ್ತಾ?” ಅವರ ಕಣ್ಣು ತುಂಬಿತ್ತು. ನನಗೆ ಅವರ ಮೇಲೆ ಸಿಟ್ಟು ಬಂತು, ಮಾಸ್ತರ ಮೇಲೆ ಇನ್ನೂ ಹೆಚ್ಚು. ಯಾಕೆ ಹಾಗೆ ಮಾಡಿದಿರಿ ಎಂದು ಮಾಸ್ತರನ್ನು ಕೇಳಿದರೆ, “ವಯಸ್ಸಾದವರ್ರಿ... ಅವ್ರ ಕೈ ನಡುಗೂದು ನೋಡಾಕ ಆಗ್ಲಿಲ್ರಿ” ಎಂದಷ್ಟೇ ಹೇಳಿ ಗೋಡೆಯ ಮೇಲಿನ ‘ಸಹಾಯ ಕೇಂದ್ರ’ದ ಕಾಗದ ಬಿಡಿಸಿಕೊಂಡರು. ಹರಿಯದಂತೆ ಬಿಡಿಸಲು ಬಹಳ ಹೊತ್ತು ಹಿಡಿಯಿತು.

ಹುದ್ದೆ ಹೋದ ಕಡೆ ಅಲ್ಲಿಯವರನ್ನೇ ತೆಗೆದುಕೊಂಡರು; ಮಾಸ್ತರು ದಾಸನಕೊಪ್ಪಕ್ಕೆ ಹೋಗಿ ಯಾರದೋ ಝೆರಾಕ್ಸ್ ಅಂಗಡಿಯಲ್ಲಿ ನಿಂತರು ಎಂದು ಕೇಳಿದೆ. ಸರ್‌ಗಳು ಅಲ್ಲಿಗೂ ಫೋನ್ ಮಾಡುತ್ತಿದ್ದರು. ಅವರು ಅಲ್ಲಿಂದಲೇ ಎಲ್ಲ ಏರಿಸಿಕೊಡುತ್ತಿದ್ದರು. ಒಮ್ಮೆ ನಾನೇ ಫೋನ್ ಮಾಡಿ, “ನೀವು ನಿಲ್ಲಿಸಿದರೆ ತಾನೇ ಅವರು ನಿಮ್ಮನ್ನು ವಾಪಸ್ ಕರೆಯೋದು?” ಎಂದೆ. “ಈ ಸೆಮಿಸ್ಟರ್ ಒಂದು ಮುಗೀಲಿ ಬಿಡ್ರಿ” ಅಂದರು... ಎಷ್ಟು ಸೆಮಿಸ್ಟರ್ ಹಾಗೆ ಹೋದವೋ.

ಮೊನ್ನೆ ಪ್ರೊಜೆಕ್ಟರ್ ತೆಗೆದಿಟ್ಟಮೇಲೆ ಪ್ರಾಂಶುಪಾಲರು ಇನ್ನೊಂದು ಕೆಲಸ ಹೇಳಿದರು. ಜಾಲತಾಣದಲ್ಲಿ ಕಾಲೇಜಿನ ಖಾತೆ ತೆರೆಯುತ್ತಿಲ್ಲ, ನಿಮ್ಮ ಮಾಸ್ತರನ್ನೇ ಕೇಳಿ ನೋಡಿ. ಅಂತೂ ಮಾತಾಡಲು ಒಂದು ನೆಪ ಸಿಕ್ಕಿತು ಎಂದು ನನಗೂ ಖುಷಿಯೇ ಆಯಿತು. ಫೋನ್ ಎತ್ತಿದ್ದು ಅವರ ಹೆಂಡತಿ.

“ಅವ್ರಿಲ್ರಿ. ಶ್ರಾವಣದಾಗ ತೀರ್ಕೊಂಡ್ರು. ಕಣ್ಣೆಲ್ಲ ಹಳದಿ ಆಗಿ ಕಾಮಣಿ ಆಗಿತ್ರಿ.” ಆಕೆಯೇ ಮುಂದುವರಿಸಿದಳು: “ಪಾಸ್‌ವರ್ಡ್ ಕೇಳಾಕ ಮಾಡೀರೇನ್ರಿ? ದವಾಖಾನ್ಯಾಗ ಇದ್ದಾಗೂ ಯಾರೋ ಸರ್ ಮಾಡಿದ್ರು. ಅವ್ರಿಗೆ ಹೇಳಿಕೊಟ್ರು. ನನಗ ಯಾವ್ದೂ ಗೊತ್ತಿಲ್ರಿ.” ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಪ್ರಾಂಶುಪಾಲರು ಬಾಗಿಲಲ್ಲೇ ನಿಂತಿದ್ದರು. “ಸಿಕ್ತಾ ಮೇಡಂ?”

“ಇಲ್ಲ ಸರ್. ಅವರು ಹೋಗಿಬಿಟ್ಟಿದ್ದಾರೆ.”

“ಅಯ್ಯೋ ಪಾಪ” ಅಂದರು. ಆಮೇಲೆ, “ಇನ್ನು ಯಾರನ್ನ ಕೇಳೋದು?” ಅಂದರು.

ಒಳಗೆ ಹೋದೆ. ಪ್ರೊಜೆಕ್ಟರ್ ತೆಗೆದ ಕಪಾಟು ಖಾಲಿಯಿತ್ತು, ಬಲ್ಬು ಮಾತ್ರ ಉರಿಯುತ್ತಿತ್ತು. ಆರಿಸಲು ಕೈ ಚಾಚಿದೆ, ಆಗಲಿಲ್ಲ. ಹಾಗೇ ಬಾಗಿಲು ಮುಚ್ಚಿದೆ.