ಸೊಂಡಿಲಿಗೆ ತೂಗಿದ್ದು

ಗುಲ್ವಾಡಿಯ ಶಾಲೆಯೆದುರು ನನ್ನದೊಂದು ಅಂಗಡಿ. ಒಂದು ಬೆಳಿಗ್ಗೆ ಚಿಪ್ಸ್ ಕಂಪನಿಯ ಸೇಲ್ಸ್‌ಮನ್ ಆನೆಯಾಕಾರದ ಸ್ಟ್ಯಾಂಡೊಂದನ್ನು ತಂದು, ನನ್ನನ್ನು ಕೇಳದೆ ಬಾಗಿಲಲ್ಲೇ ನಿಲ್ಲಿಸಿದ. ಸೊಂಡಿಲಿನ ತುಂಬ ಪ್ಯಾಕೆಟ್‌ಗಳು, ಎಲ್ಲ ನನ್ನ ಸೊಂಟಕ್ಕಿಂತ ಕೆಳಗೆ.

"ಹ್ವಾಯ್, ಇಷ್ಟ್ ಕೆಳ್ಗೆ ಎಂತಕ್ಕೆ? ಮೇಲೆ ಕಟ್ಟಿ" ಅಂದೆ.

"ಮೇಲೆ ಕಟ್ಟುಕಾಗ. ಮಕ್ಳ್ ಕಣ್ಣಿಗೇ ಕಾಣ್ಕ್. ಕಂಪನಿ ರೂಲ್ಸ್."

ಮಗುವಿನ ಮುಷ್ಟಿಯಿಂದ ಪ್ಯಾಕೆಟ್ ಬಿಡಿಸಲು ತಾಯಂದಿರು ಪಡುವ ಪಾಡನ್ನು ದಿನಾ ನೋಡುವವಳು ನಾನು. ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ.

"ನಿಮ್ಗೆ ಮಕ್ಳಿಲ್ಯಾ?"

ಅವನ ಮುಖ ಅರಳಿತು. "ಒಬ್ಳ್ ಮಗ್ಳ್, ಈಗ ಮೂರ್ ವರ್ಷ."

"ಅದನ್ನ ಕರ್ಕಂಡ್ ಅಂಗಡಿಗ್ ಹೋಪತಿಗೆ ಎಂತ ಮಾಡ್ತ್ರಿ?"

"ಹೆಗ್ಲ್ ಮೇಲೆ ಕೂರ್ಸ್ಕಂಡೇ ಒಳ್ಗ್ ಹೋತೆ. ಕೆಳ್ಗ್ ಬಿಟ್ರೆ ಕಂಡದ್ದೆಲ್ಲ ಬೇಕಂತ್..."

ಅವನು ಆನೆಯ ರಟ್ಟಿನ ಕಿವಿಯನ್ನು ಸರಿಮಾಡತೊಡಗಿದ.

ನಾನೇ ಪ್ಯಾಕೆಟ್‌ಗಳನ್ನು ಬಿಚ್ಚಿ, ನನ್ನ ತಲೆಯ ಹಿಂದಿನ ಮೊಳೆಗೆ ಸಿಕ್ಕಿಸಿದೆ. ಹಾಗಾದರೆ ಸ್ಕೀಮಿನ ಉಚಿತ ಪ್ಯಾಕೆಟ್ ಸಿಗುವುದಿಲ್ಲ ಅಂದ. ಬೇಡ ಅಂದೆ. ಪಕ್ಕದ ಅಂಗಡಿಗೆ ಕೊಡುತ್ತೇನೆ ಅಂದ. ಕೊಡಿ ಅಂದೆ. ಕೊನೆಗೆ, ಸಾಹೇಬರಿಗೆ ಫೋಟೋ ಕಳಿಸಬೇಕು, ಖಾಲಿ ಸ್ಟ್ಯಾಂಡಾದರೂ ಇರಲಿ ಎಂದು ಗೋಗರೆದ. ಅದಕ್ಕೆ ಒಪ್ಪಿದೆ.

ಆನೆ ಈಗಲೂ ಬಾಗಿಲಲ್ಲೇ ಇದೆ. ಸೊಂಡಿಲಿಗೆ ಪಾತ್ರೆ ತಿಕ್ಕುವ ನಾರು ತೂಗುಹಾಕಿದ್ದೇನೆ. ಸರಿಯಾಗಿ ಮಕ್ಕಳ ಕಣ್ಣಿನ ಎತ್ತರಕ್ಕೇ ಇದೆ. ಇದುವರೆಗೆ ಯಾವ ಮಗುವೂ ಅದು ಬೇಕೆಂದು ನೆಲದಲ್ಲಿ ಹೊರಳಿಲ್ಲ.