ಖಾಲಿ ತಿರುಗದ ಚಕ್ರ

ಚಕ್ರಣ್ಣನ ಜಾಯಿಂಟ್ ವೀಲ್ ಎಷ್ಟು ಎತ್ತರವಿತ್ತೆಂದರೆ, ಹಾಲುಗಲ್ಲದ ಹುಡುಗನನ್ನು ಕೂರಿಸಿ ಮೇಲಕ್ಕೆ ಕಳಿಸಿದರೆ ಕೆಳಗಿಳಿಯುವ ಹೊತ್ತಿಗೆ ಅವನಿಗೆ ಮೀಸೆ ಚಿಗುರಿರುತ್ತಿತ್ತು. ಅದರ ತೊಟ್ಟಿಲುಗಳಿಗೆ ಸಿಕ್ಕಿ ಮೋಡಗಳು ಹರಿಯುತ್ತಿದ್ದವು. ಹರಿದ ಮೋಡಗಳನ್ನು ಚಕ್ರಣ್ಣನ ಹೆಂಡತಿ ಪಾರ್ಕಿನ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ತೊಳೆದು, ಹೊಲಿದು ವಾಪಸು ಕಳಿಸುತ್ತಿದ್ದಳು. ಇಷ್ಟನ್ನು ನಂಬದವರು ಬಿಟ್ಟುಬಿಡಲಿ. ಮುಂದಿನದಕ್ಕೆ ಉಪ್ಪುಖಾರ ಬೆರೆಸುವ ಅಗತ್ಯ ಬೀಳಲಿಲ್ಲ.

ಅವನು ಆ ಮನರಂಜನಾ ಪಾರ್ಕಿಗೆ ಮೊದಲು ಬಂದದ್ದು ಬಣ್ಣ ಬಳಿಯುವ ಕೂಲಿಗೆ. ಚಕ್ರದ ನೆತ್ತಿಯ ಮೇಲೆ ಕಾಲು ಇಳಿಬಿಟ್ಟು ಕೂತು ಬನ್ನು ತಿನ್ನುತ್ತಿದ್ದವನನ್ನು ಹಳೇ ಯಜಮಾನರು ಕೆಳಗಿನಿಂದ ನೋಡಿ, "ಅಲ್ಲಿ ಕೂತು ತಿನ್ನೋಕೆ ಧೈರ್ಯ ಇದೆ, ಇಲ್ಲಿ ನಿಂತು ಗುಂಡಿ ಒತ್ತೋಕೆ ಇಲ್ವೇನಯ್ಯಾ?" ಎಂದು ಕೂಗಿದರು. ಅವನು ಇಳಿದು ಬಂದು ಗುಂಡಿ ಒತ್ತಿದ. ಅಲ್ಲಿಂದ ಮುಂದೆ ಅವನ ಮೀಸೆ ಬೆಳ್ಳಗಾಗುವವರೆಗೂ ಒತ್ತುತ್ತಲೇ ಇದ್ದ. ಹೆತ್ತವರಿಟ್ಟ ಹೆಸರು ಎಲ್ಲೋ ಉದುರಿಹೋಗಿ ಚಕ್ರಣ್ಣ ಎಂಬುದೊಂದೇ ಉಳಿಯಿತು.

ಯಜಮಾನರು ಅವನಿಗೆ ಕಲಿಸಿದ್ದು ಒಂದೇ ಪಾಠ: ಚಕ್ರ ಖಾಲಿ ತಿರುಗಬಾರದು. "ಜನ ಇದ್ದಲ್ಲಿಗೆ ಜನ ಬರ್ತಾರೆ. ನೊಣ ಹಾರ್ತಿರೋ ಹೋಟೆಲಿಗೆ ಯಾರಯ್ಯಾ ಊಟಕ್ಕೆ ನುಗ್ತಾರೆ?" ಅನ್ನುತ್ತಿದ್ದರು. ಹಾಗಾಗಿ ಗಿರಾಕಿಗಳಿಲ್ಲದ ದಿನ ಕಸ ಗುಡಿಸುವವರು, ಕ್ಯಾಂಟೀನಿನ ಭಟ್ಟ, ಕೈ ಖಾಲಿ ಇದ್ದವರೆಲ್ಲ ಬಂದು ತೊಟ್ಟಿಲಲ್ಲಿ ಕೂರಬೇಕು. ಚಕ್ರಣ್ಣ ಅವರನ್ನು ಈ ಕಡೆ ಒಬ್ಬ, ಎದುರು ಕಡೆ ಒಬ್ಬ ಎಂದು ತೂಕ ನೋಡಿ ಹಂಚುತ್ತಿದ್ದ. ಗೇಟಿನ ಹೊರಗೆ ಹಿಂದೆಮುಂದೆ ನೋಡುತ್ತ ನಿಂತ ಸಂಸಾರಗಳು ಅದನ್ನು ಕಂಡು, "ಓ, ಒಳಗೆ ಜಾತ್ರೆಯೇ ಇದೆ" ಎಂದುಕೊಂಡು ಟಿಕೆಟ್ ತೆಗೆಯುತ್ತಿದ್ದವು.

ಹೀಗೆ ಹೆಚ್ಚು ಸಲ ಕೂತವನು ಅವನ ಭಾವಮೈದ, ಹೆಂಡತಿಯ ತಮ್ಮ. ಪಕ್ಕದ ಭೂತಬಂಗಲೆಯಲ್ಲಿ ಬಿಳಿ ಬಟ್ಟೆ ಹೊದ್ದು ಜನರನ್ನು ಹೆದರಿಸುವುದು ಅವನ ಉದ್ಯೋಗ. ಎಲ್ಲರೂ ದೆವ್ವ ಎಂದೇ ಕರೆಯುತ್ತಿದ್ದರು. ಆಳು ಎಷ್ಟು ಸಣಕಲನೆಂದರೆ ಅವನ ನೆರಳಿಗೆ ದುಡಿಯಲು ಕೆಲಸವಿಲ್ಲದೆ ಅದು ಮಧ್ಯಾಹ್ನ ಬೇರೆಯವರಿಗೆ ಬಾಡಿಗೆಗೆ ಹೋಗುತ್ತಿತ್ತು. ಇತ್ತೀಚೆಗೆ ಮಕ್ಕಳು ಅವನನ್ನು ಕಂಡು ಹೆದರುವುದನ್ನು ಬಿಟ್ಟು ಬಿಸ್ಕತ್ತು ಕೊಡಲು ಶುರುಮಾಡಿದ್ದರು.

ಚಕ್ರಕ್ಕೆ ಒಮ್ಮೆಯೂ ಕಾಲಿಡದವಳೆಂದರೆ ಚಕ್ರಣ್ಣನ ಹೆಂಡತಿಯೊಬ್ಬಳೇ. ಅವಳಿಗೆ ಸ್ಟೂಲು ಹತ್ತಿದರೂ ತಲೆ ಸುತ್ತು. "ನಿಮ್ಮನ್ನ ಕಟ್ಕೊಂಡೆ ಸರಿ, ನಿಮ್ಮ ಚಕ್ರಾನೂ ಕಟ್ಕೊಳ್ಳೋಕಾಗುತ್ತಾ?" ಎಂದು ಮದುವೆಯ ಹೊಸದರಲ್ಲೇ ಹೇಳಿಬಿಟ್ಟಿದ್ದಳು.

ಹಳೇ ಯಜಮಾನರು ತೀರಿಕೊಂಡರು. ಪಾರ್ಕನ್ನು ಒಂದು ಕಂಪನಿ ಕೊಂಡಿತು. ಆ ಕಂಪನಿಯನ್ನು ಇನ್ನೊಂದು ನುಂಗಿತು, ಅದನ್ನು ಮತ್ತೊಂದು. ಮೀನು ನುಂಗಿದ ಮೀನನ್ನು ನುಂಗಿದ ಮೀನಿನ ಹೊಟ್ಟೆಯಲ್ಲಿ ಚಕ್ರಣ್ಣ ಎಂದಿನಂತೆ ಗುಂಡಿ ಒತ್ತುತ್ತಿದ್ದ. ಅಲ್ಲಿ ಬೆಳಕು ಸ್ವಲ್ಪ ಕಡಿಮೆ, ಅಷ್ಟೆ. ಧಣಿ ಬದಲಾದಾಗಲೆಲ್ಲ ಯೂನಿಫಾರಂ ಬಣ್ಣ ಬದಲಾಗುತ್ತಿತ್ತು. ಹಸಿರು ಹೋಗಿ ಕೆಂಪು, ಕೆಂಪು ಹೋಗಿ ನೇರಳೆ. ಬಣ್ಣ ಬಿಡುವ ನೇರಳೆ ಅಂಗಿಗಳ ಜೊತೆ ನೆನೆಸಿದ್ದರಿಂದ ದೆವ್ವದ ಬಿಳಿ ಬಟ್ಟೆಯೂ ಬದನೆಕಾಯಿಯಂತಾಗಿತ್ತು. ಮೊದಲು ದೋಣಿಯ ಕೊಳ ಒಣಗಿಸಿದರು. ಆಮೇಲೆ ಡಿಕ್ಕಿ ಹೊಡೆಯುವ ಕಾರುಗಳನ್ನು ಗುಜರಿಗೆ ಹಾಕಿದರು. ಅವುಗಳನ್ನು ನೋಡಿಕೊಳ್ಳುತ್ತಿದ್ದವರು ಒಂದು ಸೋಮವಾರ ಬಂದರು, ಮರುದಿನ ಬರಲಿಲ್ಲ.

ಆಗ ಹೊಸ ಮ್ಯಾನೇಜರಮ್ಮ ಬಂದರು. ಮಗಳ ವಯಸ್ಸಿನವರು, ಮಾತು ಮೆದು. ಪ್ರತಿ ಆಟದ ಬಾಗಿಲಿಗೂ ಅವರು ಒಂದು ತಿರುಗುವ ಸರಳು ಹಾಕಿಸಿದರು. ಒಬ್ಬ ನುಗ್ಗಿದರೆ 'ಟಿಕ್' ಅಂದು ಒಂದು ತಲೆ ಎಣಿಸುತ್ತದೆ. ಗೇಟಿನಲ್ಲಿ ಒಮ್ಮೆ ಟಿಕೆಟ್ ಕೊಂಡರೆ ಒಳಗಿನ ಆಟಗಳೆಲ್ಲ ಪುಕ್ಕಟೆ, ಹಾಗಾಗಿ ಯಾವ ಆಟಕ್ಕೆ ಎಷ್ಟು ಜನ ಎಂಬುದು ಅದುವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಅಣ್ಣ, ಮನಸಿಗೆ ಹಚ್ಕೋಬೇಡಿ," ಎಂದರು ಮ್ಯಾನೇಜರಮ್ಮ. "ಲೆಕ್ಕ ನೇರ ಹೆಡ್ಡಾಫೀಸಿಗೆ ಹೋಗುತ್ತೆ. ಬೇಸಿಗೆ ರಜೆ ಮುಗಿಯೋಷ್ಟರಲ್ಲಿ ಯಾವುದಕ್ಕೆ ಕಮ್ಮಿ ತಲೆಗಳು ಬಿದ್ದಿರುತ್ತೋ ಅದನ್ನ ಮುಚ್ತಾರೆ. ನನ್ನ ಕೈಲೇನೂ ಇಲ್ಲ."

"ನನ್ನದಕ್ಕೆ ಹೇಗಿದೆಯಮ್ಮಾ?"

ಮ್ಯಾನೇಜರಮ್ಮ ಚಕ್ರದ ನೆತ್ತಿ ನೋಡಿದರು. "ಈಗಿನ ಮಕ್ಕಳಿಗೆ ನಿಧಾನ ಆಗಲ್ಲ ಅಣ್ಣ."

ಅಂದು ಮಧ್ಯಾಹ್ನ ಒಗೆಯುವ ಶೆಡ್ಡಿನಲ್ಲಿ ಮೂವರೂ ಬುತ್ತಿ ಬಿಚ್ಚಿದರು. ಚಕ್ರಣ್ಣ ತನ್ನ ಪಾಲನ್ನೂ ಭಾವಮೈದನ ಕಡೆ ಸರಿಸಿದ. ದೆವ್ವ ಮಾತ್ರ ಮೂರು ಜನ ಬದುಕಿರುವವರು ತಿನ್ನುವಷ್ಟು ತಿಂದು ಬೆರಳು ಚೀಪುತ್ತ ಕೇಳಿದ, "ಭಾವ, ಆ ಸರಳಿಗೆ ಕಣ್ಣಿದೆಯಾ?"

"ಕಣ್ಣೆಲ್ಲಿಂದ ಬರಬೇಕೋ? ಬರೀ ಎಣಿಸುತ್ತೆ."

"ಹಂಗಾದ್ರೆ ಎಣಿಸಲಿ ಬಿಡು. ದಿನಾ ಕೂರೋರು ನಾವೇ ತಾನೆ? ಇಷ್ಟು ದಿನ ಗಿರಾಕಿ ಕರೆಯೋಕೆ ಕೂತ್ವಿ. ಈಗ ಲೆಕ್ಕಕ್ಕೆ ಕೂರೋಣ."

"ಬಂಗಲೆ ಬಿಟ್ಟು ಬಂದು ಇಲ್ಲಿ ಕೂತ್ರೆ ನಿನ್ನ ಲೆಕ್ಕ ಏನಾಗುತ್ತೋ?"

"ನನ್ನನ್ನ ಮುಚ್ಚೋಕೆ ಏನಿದೆ ಭಾವ? ನಾನು ಆಗ್ಲೇ ಸತ್ತೋನು."

ಅಕ್ಕ ಸೌಟಿನಿಂದ ಅವನ ತಲೆಗೊಂದು ಮೊಟಕಿದಳು. ಆದರೆ ಬೇಡ ಎನ್ನಲಿಲ್ಲ.

ಮರುದಿನದಿಂದ ಸರಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಗುಡಿಸುವವರು ಪೊರಕೆ ಸಮೇತ ನುಗ್ಗಿದರು. ಕ್ಯಾಂಟೀನಿನ ಭಟ್ಟ ಒಲೆ ಮೇಲೆ ಹಾಲಿಟ್ಟು ಬಂದು ಒಂದು ಸುತ್ತು ಹಾಕಿ, ಉಕ್ಕುವ ಮೊದಲು ಓಡುತ್ತಿದ್ದ. ಕಾವಲುಗಾರ ಮೇಲೆಯೇ ನಿದ್ದೆ ಹೊಡೆದು ಕಾವಲು ಕಾಯುತ್ತಿದ್ದ. ದೆವ್ವವಂತೂ ನುಗ್ಗಿ, ಸುತ್ತಿ, ಇಳಿದು, ಮತ್ತೆ ನುಗ್ಗಿ ಒಬ್ಬನೇ ಒಂದು ಊರಿನ ಜನಸಂಖ್ಯೆಯಷ್ಟಾದ. ತುಂಬಿದ ಚಕ್ರ ಕಂಡು ನಿಜವಾದ ಜನರೂ ಸಾಲುಗಟ್ಟಿದರು, ಯಜಮಾನರ ಪಾಠ ಸುಳ್ಳಾಗಲಿಲ್ಲ. ಮ್ಯಾನೇಜರಮ್ಮ ಆಗಾಗ ಆ ಕಡೆ ಹಾದು, ಪೊರಕೆ ಹಿಡಿದ ಪ್ರಯಾಣಿಕರನ್ನು ಕಂಡು, ಏನೂ ಕಾಣದವರಂತೆ ಹೋಗುತ್ತಿದ್ದರು.

ರಜೆಯ ಕೊನೆಯ ವಾರ ಗಿರಾಕಿಗಳು ಕಡಿಮೆಯಾದರು. ಒಂದು ಬೆಳಗ್ಗೆ ಚಕ್ರಣ್ಣನ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಸರಳಿನ ಮುಂದೆ ನಿಂತಳು.

"ಏನೇ ಇದು? ನೀನು ಬೇಡ, ಹೋಗು."

"ಸುಮ್ನೆ ಗುಂಡಿ ಒತ್ರೀ. ಇಲ್ಲಾಂದ್ರೆ ಈಗ ಓಡಿಹೋಗ್ತೀನಿ."

ಟಿಕ್. ಅವಳು ತೊಟ್ಟಿಲಲ್ಲಿ ಕೂತು ಕಣ್ಣು ಮುಚ್ಚಿ ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅದರಲ್ಲಿ ಬೆರಳಚ್ಚು ಉಳಿಯಿತು. ಇಳಿದ ಮೇಲೆ ಬೇಲಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಿ ಬಂದು ಮತ್ತೆ ನುಗ್ಗಿದಳು. ಟಿಕ್. ಚಕ್ರಣ್ಣ ಅತ್ತ ತಿರುಗಿ ಗುಂಡಿ ಒತ್ತಿದ. ಅವಳ ಮುಖ ನೋಡಿಕೊಂಡು ಒತ್ತುವುದು ಅವನಿಂದಾಗಲಿಲ್ಲ.

ರಜೆ ಮುಗಿದ ಮೇಲೆ ಮ್ಯಾನೇಜರಮ್ಮ ದೂರದಿಂದಲೇ ನಗುತ್ತ ಬಂದರು. "ಅಣ್ಣ, ನಿಮ್ಮ ಚಕ್ರವೇ ಮೊದಲು! ಕಂಪನಿಯ ಎಲ್ಲಾ ಪಾರ್ಕು ಸೇರಿಸಿದ್ರೂ ಇಷ್ಟು ತಲೆ ಬಿದ್ದ ಆಟ ಇನ್ನೊಂದಿಲ್ಲವಂತೆ." ಅಂದು ಭಟ್ಟ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ದೆವ್ವ ಬದನೆಕಾಯಿ ಬಣ್ಣದ ಬಟ್ಟೆಯಲ್ಲಿ ಕುಣಿದ. ಚಕ್ರಣ್ಣ ಹೆಂಡತಿಗೆ, "ವಾಂತಿ ಮಾಡಿದ್ದು ದಂಡ ಆಗಲಿಲ್ಲ ಕಣೇ," ಎಂದ. ಅವನ ಬಾಯಲ್ಲಿ ಅದಕ್ಕಿಂತ ಒಳ್ಳೆಯ ಪ್ರೀತಿಯ ಮಾತು ಅವಳು ಕೇಳಿರಲಿಲ್ಲ.

ಮುಂದಿನ ವಾರ ಮ್ಯಾನೇಜರಮ್ಮ ಮತ್ತೆ ಬಂದರು. ಈ ಸಲ ನಗುತ್ತಿರಲಿಲ್ಲ.

"ಹೆಡ್ಡಾಫೀಸಿನವರು ಯೋಚನೆ ಮಾಡಿದ್ರಂತೆ ಅಣ್ಣ. ಇಂಥ ಮೂಲೆಯಲ್ಲೇ ಇಷ್ಟು ಜನ ಸೆಳೆಯೋ ಚಕ್ರ ದೊಡ್ಡ ಊರಲ್ಲಿ ಎಷ್ಟು ಸೆಳೀಬೇಡ ಅಂತ. ಸಮುದ್ರದ ಹತ್ರ ಅವರ ದೊಡ್ಡ ಪಾರ್ಕಿದೆ. ಅಲ್ಲಿಗೆ ಬಿಚ್ಚಿಕೊಂಡು ಹೋಗ್ತಾರೆ."

ಚಕ್ರಣ್ಣನಿಗೆ ಅರ್ಥವಾಗಲು ಒಂದು ಸುತ್ತಿನಷ್ಟು ಹೊತ್ತು ಬೇಕಾಯಿತು. "ಅಂದ್ರೆ... ಚಕ್ರ ಉಳೀತು."

"ಉಳೀತು ಅಣ್ಣ."

"ನಾನು?"

"ಅಲ್ಲಿ ಗುಂಡಿ ಒತ್ತೋಕೆ ಆಳು ಬೇಡವಂತೆ. ಅದರಷ್ಟಕ್ಕೇ ತಿರುಗೋ ಹಾಗೆ ಮಾಡ್ತಾರೆ."

"ಚಕ್ರ ಹೋದ್ಮೇಲೆ ಈ ಪಾರ್ಕಿಗೆ ಯಾರಮ್ಮಾ ಬರ್ತಾರೆ?"

ಮ್ಯಾನೇಜರಮ್ಮ ಕಾಲ ಹೆಬ್ಬೆರಳನ್ನು ನೋಡಿಕೊಂಡರು. "ನೀವೆಲ್ಲ ನುಗ್ಗಿ ನುಗ್ಗಿ ಕೂತಿದ್ದು ನನಗೂ ಗೊತ್ತಿತ್ತು. ಒಳ್ಳೇದಾಗಲಿ ಅಂತ ಬಾಯಿ ಮುಚ್ಕೊಂಡಿದ್ದೆ. ಈಗ ಹೇಳಿದ್ರೆ ಚಕ್ರಾನ ಗುಜರಿಗೇ ಹಾಕ್ತಾರೆ. ಹೇಳಲಾ?"

ಚಕ್ರಣ್ಣ ಗುಂಡಿಯ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿದ. "ಬೇಡಮ್ಮಾ. ಎಲ್ಲಾದರೂ ತಿರುಗ್ತಾ ಇರಲಿ."

ಬಿಚ್ಚುವವರು ಕ್ರೇನು ತಂದರು. ತೊಟ್ಟಿಲುಗಳನ್ನು ಒಂದೊಂದಾಗಿ ಕೆಳಕ್ಕೆ ತಂದು ಕಳಚಬೇಕು, ಅದಕ್ಕೆ ಚಕ್ರ ಸ್ವಲ್ಪ ಸ್ವಲ್ಪವೇ ತಿರುಗಬೇಕು. ಅವರ ಮೇಸ್ತ್ರಿ ತೂಕಕ್ಕೆಂದು ಮರಳಿನ ಚೀಲ ಎತ್ತಿದಾಗ ಚಕ್ರಣ್ಣ ಅಡ್ಡ ಬಂದ. "ಖಾಲಿ ತಿರುಗಿಸಲ್ಲ."

"ಮರಳಿದೆಯಲ್ಲ ಯಜಮಾನ್ರೇ?"

"ಮರಳು ಕೂತ್ರೆ ಜನ ಕೂತ ಹಾಗಾ?"

ಮೇಸ್ತ್ರಿ, ಮುದುಕನ ಹಟ ಎಂದುಕೊಂಡು ಚೀಲ ಕೆಳಗಿಟ್ಟ. ಚಕ್ರಣ್ಣ ಹೆಂಡತಿಯನ್ನು ಒಂದು ತೊಟ್ಟಿಲಲ್ಲಿ ಕೂರಿಸಿದ, ಎದುರಿನದರಲ್ಲಿ ಭಾವಮೈದನನ್ನು. ದೆವ್ವದ ತೂಕ ಸಾಲದೆ ಅವನ ತೊಡೆಯ ಮೇಲೆ ಮರಳಿನ ಚೀಲವನ್ನೂ ಇಡಬೇಕಾಯಿತು. "ಅಕ್ಕನ ಸರಿಸಮ ತೂಗೋಕೆ ನನ್ನಂಥ ನಾಲ್ವರು ಬೇಕು ಭಾವ," ಎಂದು ಅವನು ಕೂಗಿದ. ಅಂದು ಯಾರೂ ನಗಲಿಲ್ಲ. ಒಂದು ಈ ಕಡೆಯದು, ಒಂದು ಎದುರಿನದು ಎಂದು ತೊಟ್ಟಿಲುಗಳು ಕಳಚುತ್ತ ಹೋಗಿ ಕೊನೆಗೆ ಆ ಎರಡೇ ಉಳಿದವು. ನೆತ್ತಿಯಲ್ಲಿ ಹೆಂಡತಿ ಕಣ್ಣು ತೆರೆದಿರುವುದನ್ನು ಚಕ್ರಣ್ಣ ಕೆಳಗಿನಿಂದ ಕಂಡ.

ಇಳಿದಾಗ ಕೇಳಿದ, "ಏನು ಕಾಣಿಸ್ತೇ?"

"ಗೇಟಿನಿಂದ ಆಚೆ ರಸ್ತೆ ಪೂರ್ತಿ ಕಾಣುತ್ತೆ ರೀ. ಒಬ್ಬರೂ ಬರ್ತಾ ಇಲ್ಲ."

ಆ ಎರಡನ್ನೂ ಕಳಚಿದ ಮೇಲೆ ಬರಿಯ ಕಬ್ಬಿಣವನ್ನು ಒಂದು ಸುತ್ತು ತಿರುಗಿಸಿ ನೋಡಬೇಕಿತ್ತು. ಚಕ್ರಣ್ಣ ಗುಂಡಿಯ ಬಳಿಯಿಂದ ಸರಿದು, ಶೆಡ್ಡಿಗೆ ಹೋಗಿ, ಕೊಳೆಯೇ ಇಲ್ಲದ ಕೈಗಳನ್ನು ಸೋಪು ಹಚ್ಚಿ ತೊಳೆಯುತ್ತ ನಿಂತ. ಮೇಸ್ತ್ರಿ ಗುಂಡಿ ಒತ್ತಿದ ಸದ್ದು ಅಲ್ಲಿಗೂ ಕೇಳಿಸಿತು.

ಲಾರಿಗಳು ಹೊರಟಾಗ ಉಳಿದದ್ದು ಒಂದು ಕಾಂಕ್ರೀಟಿನ ಗುಂಡಿ ಮತ್ತು ಅದರ ಮುಂದೆ ಆ ಸರಳು. ಅದನ್ನು ಕೀಳಲು ಯಾರಿಗೂ ನೆನಪಾಗಿರಲಿಲ್ಲ. ದೆವ್ವ ಅಭ್ಯಾಸಬಲದಿಂದ ಅದನ್ನು ತಳ್ಳಿಕೊಂಡು ಒಳಹೋದ. ಟಿಕ್. ಗುಂಡಿಯಲ್ಲೊಮ್ಮೆ ಇಣುಕಿ, ಸುತ್ತು ಹಾಕಿ ಬಂದು ಮತ್ತೆ ತಳ್ಳಲು ಹೋದಾಗ ಚಕ್ರಣ್ಣ ಅವನ ತೋಳು ಹಿಡಿದ.

"ಸಾಕು ಬಿಡೋ. ಇಲ್ಲೂ ಜನ ಜಾಸ್ತಿ ಅಂತ ಈ ಗುಂಡೀನೂ ಅಗೆದುಕೊಂಡು ಹೋದಾರು."